ವಯಸ್ಸಿಗೆ ಹನ್ನೆರಡು ಕೂಡಿಸಿದ ಡಾಕ್ಟರ್: ಥಾಮಸ್ ಯಂಗ್

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಆಪಾ ನರ್ಸಿಂಗ್ ಓದುತ್ತಿದ್ದಾಳೆ. ಈ ವರ್ಷ ಅವಳಿಗೆ ಮಕ್ಕಳ ಶುಶ್ರೂಷೆಯ ವಿಷಯವಿದೆ. ಮಕ್ಕಳಿಗೆ ಎಷ್ಟು ಔಷಧಿ ಕೊಡಬೇಕೆಂದು ಲೆಕ್ಕ ಹಾಕುವ ಪಾಠವನ್ನು ಆನ್‌ಲೈನ್‌ನಲ್ಲಿ ಕೊಟ್ಟಿದ್ದಾರೆ. ಮೊದಲು ವಿಡಿಯೋ ನೋಡಬೇಕು, ಆಮೇಲೆ ಲೆಕ್ಕಗಳನ್ನು ಬಿಡಿಸಬೇಕು. ಎಲ್ಲವೂ ಸರಿಯಾಗುವವರೆಗೆ ಮುಂದಿನ ಪಾಠ ತೆರೆಯುವುದಿಲ್ಲ. ಫಜ್ರ್ ನಮಾಜ್ ಮುಗಿಸಿ ಅವಳು ಫೋನ್ ಹಿಡಿದು ಅಡುಗೆಮನೆಯ ಬಾಗಿಲ ಬಳಿ ಕೂರುತ್ತಾಳೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ.

ಒಂದು ದಿನ 0.5 ಮಿಲಿಲೀಟರ್ ಎಂದು ಬರೆಯಬೇಕಾದ ಕಡೆ ಅವಳು 5 ಎಂದು ಬರೆದಳು. ಪರದೆಯ ಮೇಲೆ ಕೆಂಪು ಗುರುತು ಬಂತು. ಅಕೌಂಟೆನ್ಸಿಯಲ್ಲಿ ನನಗೂ ಹೀಗೆ ಚುಕ್ಕಿ ತಪ್ಪುತ್ತದೆ. ಆಗ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲ, ಅಳಿಸಿ ಮತ್ತೆ ಬರೆಯುತ್ತೇನೆ. ಆದರೆ ಆಪಾ ಫೋನ್ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಅದು ನಿಜವಾದ ವಾರ್ಡ್ ಆಗಿದ್ದರೆ ಒಂದು ಮಗುವಿಗೆ ಹತ್ತು ಪಟ್ಟು ಔಷಧಿ ಹೋಗುತ್ತಿತ್ತು.

ಅವಳಿಗೆ ಸಹಾಯ ಮಾಡೋಣ ಎಂದು ಅವಳ ಪುಸ್ತಕ ತೆಗೆದು ನೋಡಿದೆ. ಅಲ್ಲಿ 'ಯಂಗ್ ಸೂತ್ರ' ಎಂಬ ಹೆಸರಿತ್ತು. ಮರುದಿನ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಸ್ನೇಹಿತನಿಗೆ ಹೇಳಿದಾಗ, ಭೌತಶಾಸ್ತ್ರದಲ್ಲಿ ತಮಗೂ ಒಬ್ಬ ಯಂಗ್ ಇದ್ದಾರೆ ಎಂದ. ತಂತಿಯನ್ನು ಎಳೆದರೆ ಎಷ್ಟು ಹಿಗ್ಗುತ್ತದೆ ಎಂದು ಹೇಳುವ 'ಯಂಗ್ ಮಾಡ್ಯುಲಸ್' ಅವರದಂತೆ. ಬೆಳಕಿನ ಪಾಠದಲ್ಲಿ ಬರುವ ಎರಡು ಸೀಳುಗಳ ಪ್ರಯೋಗವೂ ಯಂಗ್ ಅವರದೇ. ಲೈಬ್ರರಿಯಲ್ಲಿ ಹುಡುಕಿದಾಗ ಈ ಮೂವರು ಯಂಗ್‌ಗಳೂ ಒಬ್ಬರೇ ಎಂದು ತಿಳಿಯಿತು. ಅವರು ವೃತ್ತಿಯಲ್ಲಿ ಡಾಕ್ಟರ್. ನಮ್ಮ ವಾಣಿಜ್ಯ ವಿಭಾಗಕ್ಕೂ ಅವರಲ್ಲಿ ಒಂದು ಪಾಲಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಾಲ್ಯ ಮತ್ತು ಓದು

ಥಾಮಸ್ ಯಂಗ್ 1773ರ ಜೂನ್ 13ರಂದು ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಮಿಲ್ವರ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಅವರೇ ಹಿರಿಯರು. ಮನೆಯವರು ಕ್ವೇಕರ್ ಪಂಥದವರು. ಆಡಂಬರವಿಲ್ಲದ ಬಟ್ಟೆ, ಸರಳ ಜೀವನ, ಪ್ರಾರ್ಥನೆ, ಓದು ಇವು ಆ ಪಂಥದ ರೀತಿ.

ಯಂಗ್ ಎರಡನೇ ವಯಸ್ಸಿಗೇ ಓದಲು ಕಲಿತರು. ನಾಲ್ಕು ವರ್ಷವಾಗುವಷ್ಟರಲ್ಲಿ ಬೈಬಲನ್ನು ಎರಡು ಸಲ ಪೂರ್ತಿ ಓದಿದ್ದರು. ಹದಿನಾಲ್ಕರ ಹೊತ್ತಿಗೆ ಗ್ರೀಕ್ ಮತ್ತು ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು. ಫ್ರೆಂಚ್, ಇಟಾಲಿಯನ್, ಹೀಬ್ರೂ, ಅರಬ್ಬಿ, ಪಾರ್ಸಿ, ತುರ್ಕಿ ಭಾಷೆಗಳ ಪರಿಚಯವೂ ಆಗಿತ್ತು. ಇಂಗ್ಲೆಂಡಿನ ಹಳ್ಳಿಯ ಹುಡುಗನೊಬ್ಬ ಅಲಿಫ್, ಬೇ, ತೇ ಕಲಿಯುತ್ತಾ ಕುಳಿತಿದ್ದನ್ನು ನೆನೆಸಿಕೊಂಡರೆ ನನಗೆ ಆಶ್ಚರ್ಯವೂ ಆಯಿತು, ನಾಚಿಕೆಯೂ ಆಯಿತು. ಮನೆಯಲ್ಲಿ ಉರ್ದು ಮಾತಾಡುವ ನಾನು ಉರ್ದು ಪತ್ರಿಕೆ ಓದಲು ಇಂದಿಗೂ ತಡವರಿಸುತ್ತೇನೆ.

1792ರಲ್ಲಿ ಯಂಗ್ ಲಂಡನ್ನಿನಲ್ಲಿ ವೈದ್ಯಕೀಯ ಕಲಿಯಲು ಆರಂಭಿಸಿದರು. ಬಳಿಕ 1794ರಲ್ಲಿ ಎಡಿನ್‌ಬರೋ, 1795ರಲ್ಲಿ ಜರ್ಮನಿಯ ಗಾಟಿಂಗನ್‌ಗೆ ಹೋದರು. ಗಾಟಿಂಗನ್‌ನಲ್ಲಿ 1796ರಲ್ಲಿ ಡಾಕ್ಟರ್ ಪದವಿ ಪಡೆದರು. 1797ರಲ್ಲಿ ಕೇಂಬ್ರಿಜ್ ಸೇರಿದರು. ಅದೇ ವರ್ಷ ತೀರಿಕೊಂಡ ಅವರ ದೊಡ್ಡ ಸಂಬಂಧಿ ಡಾಕ್ಟರ್ ರಿಚರ್ಡ್ ಬ್ರಾಕಲ್ಸ್‌ಬಿ ಲಂಡನ್ನಿನ ಮನೆಯನ್ನೂ ಸಾಕಷ್ಟು ಹಣವನ್ನೂ ಅವರಿಗೆ ಬಿಟ್ಟುಹೋದರು. 1799ರಲ್ಲಿ ಯಂಗ್ ಲಂಡನ್ನಿನ ವೆಲ್ಬೆಕ್ ರಸ್ತೆಯಲ್ಲಿ ವೈದ್ಯವೃತ್ತಿ ಆರಂಭಿಸಿದರು.

ಕಣ್ಣಿನ ರಹಸ್ಯ

ಓದುವಾಗಲೇ ಅವರಿಗೆ ಒಂದು ಪ್ರಶ್ನೆ ಕಾಡಿತ್ತು. ಹತ್ತಿರದ ಪುಸ್ತಕವನ್ನೂ ದೂರದ ಮರವನ್ನೂ ಒಂದೇ ಕಣ್ಣು ಸ್ಪಷ್ಟವಾಗಿ ನೋಡುತ್ತದೆ, ಅದು ಹೇಗೆ? ಕಣ್ಣಿನೊಳಗಿನ ಮಸೂರ ತನ್ನ ಆಕಾರ ಬದಲಿಸುವುದರಿಂದ ಎಂದು ಅವರು 1793ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬರಹ ಇಟ್ಟರು. ಮರುವರ್ಷ, 21ನೇ ವಯಸ್ಸಿನಲ್ಲಿ, ಆ ಸೊಸೈಟಿಯ ಸದಸ್ಯರಾದರು.

ಕೆಲವರು ಒಪ್ಪಲಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಬಾಗುತ್ತಿರಬಹುದು ಎಂಬ ವಾದವಿತ್ತು. ಯಂಗ್ ಆ ಪದರದ ಮುಂದೆ ನೀರು ನಿಲ್ಲುವಂತೆ ಮಾಡಿ ತಮ್ಮ ಕಣ್ಣನ್ನೇ ಪರೀಕ್ಷಿಸಿದರು. ನೀರಿನೊಳಗೆ ಆ ಪದರದ ಕೆಲಸ ಬಹುತೇಕ ನಿಂತುಹೋಗುತ್ತದೆ. ಆದರೂ ಅವರ ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಂಡಿತು. ಹಾಗಾದರೆ ಕೆಲಸ ಮಾಡುತ್ತಿರುವುದು ಒಳಗಿನ ಮಸೂರವೇ ಎಂದಾಯಿತು. ತಮ್ಮ ಕಣ್ಣನ್ನು ಅಳೆಯುತ್ತಲೇ ಅದರಲ್ಲಿರುವ ದೋಷವನ್ನೂ ಕಂಡುಕೊಂಡು 1801ರಲ್ಲಿ ವಿವರಿಸಿದರು. ಇಂದು ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಎಂದು ಬರೆಯುವುದು ಆ ದೋಷಕ್ಕೇ. ನಮ್ಮ ಕಣ್ಣು ಮೂರು ಬಗೆಯ ಗ್ರಹಣಶಕ್ತಿಯಿಂದಲೇ ಎಲ್ಲ ಬಣ್ಣಗಳನ್ನೂ ನೋಡುತ್ತದೆ ಎಂಬ ಊಹೆಯನ್ನು ಮುಂದಿಟ್ಟವರೂ ಅವರೇ.

ಕಣ್ಣು ಮತ್ತು ಬೆಳಕಿನ ಬಗ್ಗೆ ಅವರಿಗಿಂತ ಸುಮಾರು 800 ವರ್ಷ ಮೊದಲೇ ಇಬ್ನ್ ಅಲ್ ಹೈತಮ್ ದೊಡ್ಡ ಗ್ರಂಥ ಬರೆದಿದ್ದರು. ಅದು ಲ್ಯಾಟಿನ್‌ಗೆ ಅನುವಾದವಾಗಿ ಯುರೋಪನ್ನು ತಲುಪಿತ್ತು. ವಿದ್ಯೆ ಹೀಗೆ ಕೈಯಿಂದ ಕೈಗೆ ಸಾಗುತ್ತದೆ.

ಬೆಳಕು ಸಣ್ಣ ಕಣಗಳ ಹರಿವು ಎಂದು ನ್ಯೂಟನ್ ಕಾಲದಿಂದ ಇಂಗ್ಲೆಂಡಿನಲ್ಲಿ ನಂಬಿಕೆಯಿತ್ತು. ಯಂಗ್ ಒಂದು ಸಣ್ಣ ತೂತಿನಿಂದ ಬಂದ ಸೂರ್ಯಕಿರಣದ ನಡುವೆ ತೆಳ್ಳಗಿನ ಕಾರ್ಡ್ ಹಿಡಿದು ನೋಡಿದರು. ಕಾರ್ಡಿನ ಎರಡೂ ಬದಿಯಿಂದ ಬಂದ ಬೆಳಕು ಸೇರಿ, ನೆರಳಿನಲ್ಲಿ ಬೆಳಕು ಕತ್ತಲೆಯ ಪಟ್ಟೆಗಳನ್ನು ಮೂಡಿಸಿತು. ಕೊಳದಲ್ಲಿ ಎರಡು ಕಲ್ಲು ಎಸೆದಾಗ ಅಲೆಗಳು ಒಂದನ್ನೊಂದು ಸೇರುವ ಹಾಗೆ ಬೆಳಕೂ ಅಲೆಯಂತೆ ವರ್ತಿಸುತ್ತದೆ ಎಂದು ಅವರು ಹೇಳಿದರು. ಎಡಿನ್‌ಬರೋ ರಿವ್ಯೂ ಎಂಬ ಪತ್ರಿಕೆ ಅವರನ್ನು ಕಟುವಾಗಿ ಟೀಕಿಸಿತು. ಯಂಗ್ ಉತ್ತರವಾಗಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಅದರ ಒಂದೇ ಒಂದು ಪ್ರತಿ ಮಾರಾಟವಾಯಿತಂತೆ. ಅವರು ಹೇಳಿದ್ದು ಸರಿ ಎಂದು ಬೇರೆ ವಿಜ್ಞಾನಿಗಳು ಒಪ್ಪಲು ವರ್ಷಗಳೇ ಬೇಕಾದವು.

ಪಾಠದಲ್ಲಿ ಸೋತ ಮೇಷ್ಟ್ರು

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಯಂಗ್ ಪ್ರಾಧ್ಯಾಪಕರಾದರು. ಸಾಮಾನ್ಯ ಜನರಿಗೆ ವಿಜ್ಞಾನ ತಿಳಿಸಲೆಂದು ಕಟ್ಟಿದ ಸಂಸ್ಥೆ ಅದು. ಎರಡು ವರ್ಷಗಳಲ್ಲಿ ಅವರು 91 ಉಪನ್ಯಾಸಗಳನ್ನು ಕೊಟ್ಟರು. ಯಂತ್ರ, ನೀರು, ಶಬ್ದ, ಬೆಳಕು, ನಕ್ಷತ್ರ ಎಲ್ಲವೂ ಅವುಗಳಲ್ಲಿದ್ದವು. ಆದರೆ ಕೇಳಲು ಬಂದವರಿಗೆ ಅರ್ಥವಾಗಲಿಲ್ಲ. ಅದೇ ಸಂಸ್ಥೆಯಲ್ಲಿ ಹಂಫ್ರಿ ಡೇವಿ ಪಾಠ ಮಾಡಿದರೆ ಸಭಾಂಗಣ ತುಂಬುತ್ತಿತ್ತು. ಯಂಗ್ ಒಂದು ವಾಕ್ಯದಲ್ಲಿ ಹತ್ತು ವಿಷಯ ತುರುಕುತ್ತಿದ್ದರು. ತಮಗೆ ಸುಲಭವಾದದ್ದು ಬೇರೆಯವರಿಗೆ ಕಷ್ಟ ಎಂಬುದು ಅವರಿಗೆ ತೋಚುತ್ತಿರಲಿಲ್ಲ. ಬಾಲ್ಯದಿಂದ ಬಹುಪಾಲು ತಾವೇ ಓದಿ ಕಲಿತವರು ಅವರು. ಪಕ್ಕದ ಬೆಂಚಿನವನು ಯಾಕೆ ತಬ್ಬಿಬ್ಬಾದ ಎಂದು ನೋಡುವ ಅಭ್ಯಾಸ ಅವರಿಗೆ ಆಗಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಈ ಕೆಲಸದಿಂದ ತಮ್ಮ ವೈದ್ಯವೃತ್ತಿಗೆ ಅಡ್ಡಿಯಾಗುತ್ತದೆ ಎಂದು 1803ರಲ್ಲಿ ಅವರು ರಾಜೀನಾಮೆ ಕೊಟ್ಟರು. ಉಪನ್ಯಾಸಗಳು 1807ರಲ್ಲಿ ಪುಸ್ತಕವಾಗಿ ಬಂದವು. ಇಂದು ನಾವು ಬಳಸುವ ಅರ್ಥದಲ್ಲಿ 'ಎನರ್ಜಿ' ಎಂಬ ಪದ ಆ ಪುಸ್ತಕದಲ್ಲಿದೆ. ಯಂಗ್ ಮಾಡ್ಯುಲಸ್ ಇರುವುದೂ ಅದರಲ್ಲೇ. ಕೇಳಿದಾಗ ಯಾರಿಗೂ ಅರ್ಥವಾಗದ ಪಾಠ, ನಿಧಾನವಾಗಿ ಓದಲು ಸಿಕ್ಕಾಗ ನೂರಾರು ಜನರಿಗೆ ದಾರಿ ತೋರಿಸಿತು.

ನಮ್ಮ ಆಪಾಳ ಆನ್‌ಲೈನ್ ಪಾಠ ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ಅವಳು ವಿಡಿಯೋವನ್ನು ನಿಲ್ಲಿಸಬಹುದು, ಹಿಂದಕ್ಕೆ ಎಳೆದು ನಾಲ್ಕು ಸಲ ನೋಡಬಹುದು. ತಪ್ಪಾದ ಕೂಡಲೇ ತಪ್ಪು ಎಂದು ತಿಳಿಯುತ್ತದೆ, ಯಾರೂ ನಗುವುದಿಲ್ಲ. ಯಂಗ್ ಅವರ ಮುಂದೆ ಕುಳಿತವರಿಗೆ ಈ ಭಾಗ್ಯ ಇರಲಿಲ್ಲ. ಆದರೆ ವಿಡಿಯೋದಲ್ಲಿರುವ ಮೇಡಂಗೂ ಆಪಾಳ ಮುಖ ಕಾಣುವುದಿಲ್ಲ. ಅವಳು ಯಾಕೆ ಚುಕ್ಕಿ ಬಿಟ್ಟಳು ಎಂದು ಫೋನ್ ಕೇಳಲಿಲ್ಲ. ಅದನ್ನು ಕೇಳಿದ್ದು ಮರುದಿನ ಅವರ ಕಾಲೇಜಿನ ಒಬ್ಬ ಹಿರಿಯ ಮೇಡಂ. ಅವಳಿಗೆ ಭಾಗಾಕಾರ ಬರುತ್ತದೆ, ಆದರೆ ಬಂದ ಉತ್ತರವನ್ನು ಸಿರಿಂಜ್‌ನಲ್ಲಿ ಕಲ್ಪಿಸಿಕೊಂಡು ನೋಡುವುದಿಲ್ಲ ಎಂದು ಅವರು ಪತ್ತೆಹಚ್ಚಿದರು. ಖಾಲಿ ಸಿರಿಂಜ್ ಕೈಗೆ ಕೊಟ್ಟು ಮೊದಲು 0.5, ನಂತರ 5 ಮಿಲಿಲೀಟರ್ ನೀರು ಎಳೆಯಲು ಹೇಳಿದರು. ಅಂದಿನಿಂದ ಆಪಾ ಆ ತಪ್ಪು ಮಾಡಿಲ್ಲ.

ಮಕ್ಕಳ ಔಷಧಿಯ ಸೂತ್ರ

1811ರಲ್ಲಿ ಯಂಗ್ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯರಾದರು. ಸಾಯುವವರೆಗೂ ಆ ಹುದ್ದೆಯಲ್ಲಿದ್ದರು. 1813ರಲ್ಲಿ ವೈದ್ಯಕೀಯ ಗ್ರಂಥಗಳನ್ನು ಪರಿಚಯಿಸುವ ದೊಡ್ಡ ಪುಸ್ತಕವನ್ನು ಪ್ರಕಟಿಸಿದರು. ಮಕ್ಕಳ ಔಷಧಿಯ ಪ್ರಮಾಣಕ್ಕೆ ಅವರು ಕೊಟ್ಟ ಸೂತ್ರ ಬಹಳ ಸರಳ. ಮಗುವಿನ ವಯಸ್ಸನ್ನು, ಅದೇ ವಯಸ್ಸಿಗೆ 12 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡವರ ಪ್ರಮಾಣದಿಂದ ಗುಣಿಸಬೇಕು.

ನಾಲ್ಕು ವರ್ಷದ ಮಗುವನ್ನು ತೆಗೆದುಕೊಳ್ಳಿ. 4ಕ್ಕೆ 12 ಕೂಡಿಸಿದರೆ 16. ಹದಿನಾರರಲ್ಲಿ ನಾಲ್ಕು ಎಂದರೆ ಕಾಲು ಭಾಗ. ದೊಡ್ಡವರಿಗೆ 500 ಮಿಲಿಗ್ರಾಂ ಆದರೆ ಮಗುವಿಗೆ 125. ಆರು ವರ್ಷಕ್ಕೆ ಮೂರನೇ ಒಂದು ಭಾಗ, ಹನ್ನೆರಡು ವರ್ಷಕ್ಕೆ ಅರ್ಧ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೂ ತಾಯಿಗೆ ಮಗುವಿನ ವಯಸ್ಸು ಗೊತ್ತಿರುತ್ತದೆ. ಬಾಯಿಲೆಕ್ಕದಲ್ಲೇ ಮುಗಿಯುತ್ತದೆ. ಪಾಠದಲ್ಲಿ ಯಾರಿಗೂ ಅರ್ಥವಾಗದಂತೆ ಮಾತಾಡಿದ ಅದೇ ಯಂಗ್, ಇಲ್ಲಿ ಎಲ್ಲರಿಗೂ ಅರ್ಥವಾಗುವ ಸೂತ್ರ ಕೊಟ್ಟರು.

ನಾನು ಈ ಸೂತ್ರವನ್ನು ನೋಟ್‌ಬುಕ್ಕಿನಲ್ಲಿ ಹಾಕಿ ನೋಡಿದೆ. ಆಗ ಅದರ ಮಿತಿಯೂ ಕಂಡಿತು. ಆಗ ತಾನೇ ಹುಟ್ಟಿದ ಮಗುವಿಗೆ ವಯಸ್ಸು ಸೊನ್ನೆ, ಆದ್ದರಿಂದ ಔಷಧಿಯೂ ಸೊನ್ನೆ. 24 ವರ್ಷದವರಿಗೆ ಮೂರನೇ ಎರಡು ಭಾಗ ಮಾತ್ರ ಬರುತ್ತದೆ. ಎಷ್ಟು ವಯಸ್ಸಾದರೂ ಪೂರ್ತಿ ಒಂದು ಬರುವುದೇ ಇಲ್ಲ. ಅಂದರೆ ಇದು ನಡುವಿನ ವಯಸ್ಸಿನ ಮಕ್ಕಳಿಗೆ ಮಾಡಿದ ಅಂದಾಜು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾಲ್ಕು ವರ್ಷದ ಇಬ್ಬರು ಮಕ್ಕಳಲ್ಲಿ ಒಂದು 12 ಕಿಲೋ, ಇನ್ನೊಂದು 18 ಕಿಲೋ ಇರಬಹುದು. ಯಂಗ್ ಸೂತ್ರ ಇಬ್ಬರಿಗೂ ಒಂದೇ ಪ್ರಮಾಣ ಹೇಳುತ್ತದೆ. ಆದ್ದರಿಂದ ಈಗ ಆಸ್ಪತ್ರೆಗಳಲ್ಲಿ ಮಗುವಿನ ತೂಕ ನೋಡಿ, ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ತೂಕವೂ ಎಲ್ಲವನ್ನೂ ಹೇಳುವುದಿಲ್ಲ. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧಿ ಕೊಟ್ಟ ನವಜಾತ ಶಿಶುಗಳ ಮೈ ಬೂದು ಬಣ್ಣಕ್ಕೆ ತಿರುಗಿತು, ಹಲವು ಶಿಶುಗಳು ಸತ್ತವು. ಅವುಗಳ ಯಕೃತ್ತು ಆ ಔಷಧಿಯನ್ನು ಹೊರಹಾಕುವಷ್ಟು ಬೆಳೆದಿರಲಿಲ್ಲ. ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡ ಮನುಷ್ಯ ಅಲ್ಲ ಎಂಬ ಪಾಠವನ್ನು ಜಗತ್ತು ಇಷ್ಟು ಬೆಲೆ ತೆತ್ತು ಕಲಿಯಿತು.

ಆಪಾಳ ಪಾಠದ ಒಂದು ಲೆಕ್ಕವನ್ನು ನೀವೂ ನೋಡಿ. ಮಗುವಿನ ತೂಕ 10 ಕಿಲೋ. ಜ್ವರಕ್ಕೆ ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂನಂತೆ ಒಂದು ಸಲಕ್ಕೆ 150 ಮಿಲಿಗ್ರಾಂ ಎಂದು ಡಾಕ್ಟರ್ ಬರೆದಿದ್ದಾರೆ. ಸಿರಪ್ಪಿನ ಬಾಟಲಿ ಮೇಲೆ 5 ಮಿಲಿಲೀಟರ್‌ನಲ್ಲಿ 250 ಮಿಲಿಗ್ರಾಂ ಎಂದಿದ್ದರೆ 3 ಮಿಲಿಲೀಟರ್ ಕೊಡಬೇಕು. 5 ಮಿಲಿಲೀಟರ್‌ನಲ್ಲಿ 125 ಮಿಲಿಗ್ರಾಂ ಎಂದಿದ್ದರೆ 6 ಮಿಲಿಲೀಟರ್ ಕೊಡಬೇಕು. ಅದೇ ಮಗು, ಅದೇ ಔಷಧಿ, ಆದರೆ ಬಾಟಲಿ ಬದಲಾದರೆ ಅಳತೆ ಎರಡು ಪಟ್ಟು. ಪಕ್ಕದ ಮನೆಯ ಮಗುವಿಗೆ ಬರೆದ ಅಳತೆಯಲ್ಲಿ ನಮ್ಮ ಮನೆಯ ಮಗುವಿಗೆ ಕೊಡಬಾರದು ಎನ್ನುವುದು ಇದಕ್ಕೇ. ಅಡುಗೆಮನೆಯ ಚಮಚದಲ್ಲೂ ಅಳೆಯಬಾರದು. ಒಂದೊಂದು ಚಮಚ ಒಂದೊಂದು ಗಾತ್ರ ಇರುತ್ತದೆ.

ನರ್ಸಿಂಗ್ ವಿದ್ಯಾರ್ಥಿಗಳಿಗೆ ಇನ್ನೊಂದು ನಿಯಮ ಕಲಿಸುತ್ತಾರೆ. ಒಂದಕ್ಕಿಂತ ಕಡಿಮೆ ಇದ್ದರೆ ಚುಕ್ಕಿಯ ಮುಂಚೆ ಸೊನ್ನೆ ಬರೆಯಲೇಬೇಕು. ಬರೀ ಚುಕ್ಕಿ ಐದು ಎಂದು ಬರೆದರೆ ಚುಕ್ಕಿ ಕಾಣದೆ ಐದು ಎಂದು ಓದಬಹುದು. ಹಾಗೆಯೇ 5 ಎಂದು ಬರೆಯುವಾಗ ಚುಕ್ಕಿ ಹಾಕಿ ಸೊನ್ನೆ ಸೇರಿಸಬಾರದು, ಅದು 50 ಎಂದು ಕಾಣಬಹುದು. ನಾವು ಲೆಡ್ಜರ್‌ನಲ್ಲಿ ಪೈಸೆಗೆ ಎರಡು ಸೊನ್ನೆ ಹಾಕುವುದೇ ಅಚ್ಚುಕಟ್ಟು ಎಂದುಕೊಂಡಿದ್ದೇವೆ. ವಾರ್ಡಿನಲ್ಲಿ ಅದೇ ಸೊನ್ನೆ ಅಪಾಯ.

ಕಲ್ಲಿನ ಬರಹ ಮತ್ತು ವಿಮೆ

ಯಂಗ್ ಅವರ ಕೆಲಸ ಇಲ್ಲಿಗೆ ನಿಲ್ಲಲಿಲ್ಲ. ಅವರು 1804ರಲ್ಲಿ ಎಲೈಜಾ ಮ್ಯಾಕ್ಸ್‌ವೆಲ್ ಅವರನ್ನು ಮದುವೆಯಾಗಿದ್ದರು. ಮಕ್ಕಳ ಔಷಧಿಗೆ ಲೆಕ್ಕ ಕೊಟ್ಟ ಈ ಡಾಕ್ಟರಿಗೆ ಸ್ವಂತ ಮಕ್ಕಳಿರಲಿಲ್ಲ. 1813ರಲ್ಲಿ ಭಾಷೆಗಳ ಬಗ್ಗೆ ಬರೆದ ಲೇಖನದಲ್ಲಿ ಅವರು 'ಇಂಡೋ-ಯುರೋಪಿಯನ್' ಎಂಬ ಪದವನ್ನು ಬಳಕೆಗೆ ತಂದರು. ನಮ್ಮ ಮನೆಯ ಉರ್ದು ಆ ಕುಟುಂಬಕ್ಕೆ ಸೇರಿದ್ದು. ನಾನು ಈಗ ಬರೆಯುತ್ತಿರುವ ಕನ್ನಡ ದ್ರಾವಿಡ ಕುಟುಂಬದ್ದು. ಎರಡು ಕುಟುಂಬಗಳೂ ನಮ್ಮ ಮನೆಯ ಒಂದೇ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತವೆ.

1814ರಿಂದ ಅವರು ಈಜಿಪ್ಟಿನ ರೊಸೆಟ್ಟಾ ಶಿಲೆಯ ಬರಹವನ್ನು ಓದಲು ಶ್ರಮಿಸಿದರು. ಆ ಕಲ್ಲಿನ ಮೇಲೆ ಒಂದೇ ವಿಷಯ ಮೂರು ಲಿಪಿಗಳಲ್ಲಿದೆ. ಸುತ್ತು ಗೆರೆ ಹಾಕಿದ ಚಿತ್ರಲಿಪಿಯಲ್ಲಿ ಟಾಲೆಮಿ ಎಂಬ ರಾಜನ ಹೆಸರಿನ ಕೆಲವು ಅಕ್ಷರಗಳನ್ನು ಯಂಗ್ ಸರಿಯಾಗಿ ಗುರುತಿಸಿದರು. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ಆ ಲಿಪಿಯ ಪೂರ್ತಿ ಬೀಗ ತೆರೆದರು. ಯಾರಿಗೆ ಎಷ್ಟು ಕೀರ್ತಿ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಈಗ ನಮ್ಮ ವಾಣಿಜ್ಯ ವಿಭಾಗದ ಪಾಲು. 1824ರಲ್ಲಿ ಯಂಗ್ ಪಲೇಡಿಯನ್ ಎಂಬ ಜೀವವಿಮಾ ಕಂಪನಿಯಲ್ಲಿ ಲೆಕ್ಕಾಚಾರಗಳ ಪರಿವೀಕ್ಷಕರೂ ವೈದ್ಯರೂ ಆದರು. ಪ್ರೀಮಿಯಂ ಎಷ್ಟಿರಬೇಕು ಎಂದು ತಿಳಿಯಬೇಕಾದರೆ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಪಟ್ಟಿ ಬೇಕು. ವಯಸ್ಸಾದಂತೆ ಬದುಕಿ ಉಳಿಯುವವರ ಸಂಖ್ಯೆ ಹೇಗೆ ಕಡಿಮೆಯಾಗುತ್ತದೆ ಎಂಬುದಕ್ಕೆ ಸೂತ್ರವನ್ನು 1826ರಲ್ಲಿ ಪ್ರಕಟಿಸಿದರು. ಮಕ್ಕಳ ಔಷಧಿಯಲ್ಲಿ ವಯಸ್ಸು, ವಿಮೆಯಲ್ಲೂ ವಯಸ್ಸು. ಎರಡು ಕಡೆಯೂ ಅಂಕಿಯ ಹಿಂದೆ ಒಂದು ಜೀವವಿದೆ.

1829ರ ಮೇ 10ರಂದು, 55ನೇ ವಯಸ್ಸಿನಲ್ಲಿ, ಯಂಗ್ ಲಂಡನ್ನಿನಲ್ಲಿ ತೀರಿಕೊಂಡರು. ಹೃದಯದ ಕಾಯಿಲೆ ಇತ್ತು. ಹಾಸಿಗೆ ಹಿಡಿದಾಗಲೂ ಈಜಿಪ್ಟಿನ ಭಾಷೆಯ ನಿಘಂಟಿನ ಕೆಲಸ ಬಿಡಲಿಲ್ಲ. ಪೆನ್ನು ಹಿಡಿಯಲು ಶಕ್ತಿ ಇಲ್ಲದಾಗ ಪೆನ್ಸಿಲ್‌ನಲ್ಲಿ ಬರೆದರು. ಕೆಂಟ್ ಪ್ರಾಂತ್ಯದ ಫಾರ್ನ್‌ಬರೋ ಚರ್ಚಿನಲ್ಲಿ ಅವರ ಸಮಾಧಿಯಿದೆ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ನೆನಪಿಗೆ ಬಿಳಿ ಅಮೃತಶಿಲೆಯ ಫಲಕವಿದೆ.

ಸ್ನೇಹಿತರೇ, ಯಂಗ್ ಅವರ ಸೂತ್ರವನ್ನು ಈಗ ಆಸ್ಪತ್ರೆಯಲ್ಲಿ ಬಳಸುವುದಿಲ್ಲ, ಆದರೂ ಪಠ್ಯದಲ್ಲಿದೆ. ಯಾಕೆ ಎಂದು ಆಪಾಳನ್ನು ಕೇಳಿದೆ. ಸೂತ್ರ ಬಂದ ಮಾತ್ರಕ್ಕೆ ಮಗು ಸುರಕ್ಷಿತ ಅಲ್ಲ ಎಂದು ತಿಳಿಯಲಿ ಎಂದಿರಬೇಕು ಎಂದಳು. ವಿಜ್ಞಾನದವರು ಮಾತ್ರ ಲೆಕ್ಕದಿಂದ ಜೀವ ಉಳಿಸುತ್ತಾರೆ, ನಮ್ಮದು ಬರೀ ರೂಪಾಯಿ ಪೈಸೆ ಎಂದು ನಾನು ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ದಿನಾ ಬೆಳಿಗ್ಗೆ ಆಪಾ ಲೆಕ್ಕ ಬಿಡಿಸುತ್ತಾಳೆ, ನಾನು ಇನ್ನೊಂದು ಕಾಗದದಲ್ಲಿ ಅದೇ ಲೆಕ್ಕವನ್ನು ಬೇರೆಯಾಗಿ ಬಿಡಿಸುತ್ತೇನೆ. ಇಬ್ಬರ ಉತ್ತರ ಕೂಡಿದ ಮೇಲೆಯೇ ಅವಳು ಫೋನ್‌ನಲ್ಲಿ ಒತ್ತುತ್ತಾಳೆ. ದೊಡ್ಡ ಆಸ್ಪತ್ರೆಗಳಲ್ಲೂ ಅಪಾಯದ ಔಷಧಿಗಳಿಗೆ ಹೀಗೆಯೇ ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಲೆಕ್ಕ ನೋಡುತ್ತಾರಂತೆ. ಕಳೆದ ವಾರ ಒಂದು ಉತ್ತರ ಕೂಡಲಿಲ್ಲ. ತಪ್ಪು ನನ್ನದಾಗಿತ್ತು. ಚುಕ್ಕಿಯನ್ನು ನಾನು ಒಂದು ಮನೆ ಆಚೆ ಇಟ್ಟಿದ್ದೆ.